ಅಂಗಿ ನಮ್ಮದಲ್ಲ, ಗಂಟು ನಮ್ಮದು

ದೇವೀಂದ್ರಪ್ಪ ಮೊದಲು ಕೈ ತೊಳೆದರು.

ಅವರ ಹೊಲಿಗೆ ಅಂಗಡಿಯ ಕತ್ತರಿಸುವ ಮೇಜಿನ ಮೇಲೆ ಪಿಎಸ್‌ಐ ಭಾಗ್ಯಶ್ರೀ ಇಟ್ಟದ್ದು ಪ್ಲಾಸ್ಟಿಕ್ ಕವರಿನೊಳಗೆ ಮೊಹರು ಮಾಡಿದ, ಯಾವುದೋ ಅಂಗಿಯಿಂದ ಹರಿದುಬಂದ ಒಂದು ಕಿಸೆ. ಕವರು ಬಿಚ್ಚುವಂತಿಲ್ಲ, ಬಟ್ಟೆ ಮುಟ್ಟುವಂತಿಲ್ಲ ಎಂದು ಆಕೆ ಎರಡು ಸಲ ಹೇಳಿದ್ದಳು. ಆದರೂ ಅವರು ಹಿತ್ತಲಿಗೆ ಹೋಗಿ, ಸಾಬೂನು ಹಚ್ಚಿ, ಬೆರಳಿನ ಸಂದುಗಳನ್ನೆಲ್ಲ ಒರೆಸಿಕೊಂಡು ಬಂದೇ ಕೂತರು. ಬಟ್ಟೆ ಎಂದ ಮೇಲೆ ಬಟ್ಟೆ. ಅದು ಕವರಿನೊಳಗಿದ್ದರೇನು, ಪೊಲೀಸರ ಕೈಯಲ್ಲಿದ್ದರೇನು.

ನಿನ್ನೆ ಮಂಗಳವಾರ ಬೆಳಿಗ್ಗೆ ಚಿತ್ತಾಪುರ ರಸ್ತೆಯ ಪಾಳು ಬಿದ್ದ ಕಲ್ಲು ಪಾಲಿಶ್ ಶೆಡ್ಡಿನಲ್ಲಿ ಶಹಾಬಾದಿನ ಬಟ್ಟೆ ವ್ಯಾಪಾರಿ ಅಬ್ದುಲ್ ಸಲಾಂ ತಲೆಗೆ ಏಟು ಬಿದ್ದು ಎಚ್ಚರ ತಪ್ಪಿ ಸಿಕ್ಕಾಗ, ಅವರ ಮುಷ್ಟಿಯಲ್ಲಿದ್ದದ್ದು ಈ ಕಿಸೆ. ಅದರ ಮೂಲೆಯ ಗಂಟು ಕುರಕುಂಟಾದ ಈ ಅಂಗಡಿಯದು ಎಂಬ ಆಧಾರದ ಮೇಲೆ ದೇವೀಂದ್ರಪ್ಪನವರ ಮಗ ದತ್ತು ನಿನ್ನೆ ಸಂಜೆ ನಾಲ್ಕರಿಂದ ಸೇಡಂ ಠಾಣೆಯಲ್ಲಿದ್ದ. ಇವತ್ತು ನಾಲ್ಕರೊಳಗೆ ಅವನನ್ನು ಕೋರ್ಟಿನಲ್ಲಿ ನಿಲ್ಲಿಸಬೇಕು. ಈಗ ಒಂದೂವರೆ.

"ಗಂಟು ನೋಡಿ ನನ್ನ ಗಂಡನ್ನ ಒಯ್ದೀರಿ," ಎಂದಳು ದತ್ತುವಿನ ಹೆಂಡತಿ ಶ್ರುತಿ. ಒಳಬಾಗಿಲಿಗೆ ಒರಗಿ ನಿಂತಿದ್ದಳು. ಕೈಯಲ್ಲಿ ಕತ್ತರಿ ಇತ್ತು, ಕೆಲಸವಿರಲಿಲ್ಲ. "ಅರ್ಧ ತಾಲೂಕಿನ ಮೈಮ್ಯಾಲ ನಮ್ಮ ಗಂಟು ಅದ. ನಿಮ್ಮ ಲಾಕಪ್ಪಿನ್ಯಾಗ ಅಷ್ಟು ಜಾಗ ಅದ ಏನ್ರಿ ಮೇಡಂ?"

"ಖರೇ ಮಾತು," ಎಂದರು ಹೆಡ್ ಕಾನ್‌ಸ್ಟೇಬಲ್ ಸಂತೋಷಕುಮಾರ, ಬಾಗಿಲಲ್ಲಿ ಬೆಲ್ಟು ಸಡಿಲಿಸಿಕೊಳ್ಳುತ್ತ. "ನಮ್ಮ ಮನ್ಯಾಗ ಅಪ್ಪನ ಕಾಲದಿಂದ ಖಾಕಿ ಇಲ್ಲೇ ಹೊಲಿಸ್ತೀವಿ. ಈ ಪ್ಯಾಂಟಿಗಿ ಎಂಟು ವರ್ಷ ಆಯ್ತು. ಹೊಟ್ಟಿ ಎಷ್ಟು ಜಗ್ಗಿದ್ರೂ ಗುಂಡಿ ಜಗ್ಗಿಲ್ಲ ನೋಡ್ರಿ."

"ಹಂಗಾದ್ರ ನೀವೂ ಒಳಗ ನಡೀರಿ, ಹವಾಲ್ದಾರ್ರೇ," ಎಂದಳು ಶ್ರುತಿ.

ಸಂತೋಷಕುಮಾರ ನಕ್ಕರು. ಕಿಸೆಯ ಗಂಟನ್ನು ಮೊದಲು ಗುರುತಿಸಿ, ಮೇಡಮ್ಮಿಗೆ ಈ ಅಂಗಡಿಯ ದಾರಿ ತೋರಿಸಿದವರು ಅವರೇ.

ಭಾಗ್ಯಶ್ರೀ ನಗಲಿಲ್ಲ. ಅವಳ ತಲೆಯಲ್ಲಿ ನಿನ್ನೆಯಿಂದ ಒಂದೇ ವಿಷಯ ಕೊರೆಯುತ್ತಿತ್ತು. ದತ್ತು ಮಾತಿನ ಮಲ್ಲ. ಸೋಮವಾರ ಇದೇ ಅಂಗಡಿಯಲ್ಲಿ ಸಲಾಂ ಜೊತೆ ಜಗಳವಾದದ್ದು ಹೌದು, ನೀರಿಗೆ ಹಾಕಿದರೆ ಕುಗ್ಗುವ ಬಟ್ಟೆ ತಂದಿದ್ದಕ್ಕೆ ಬೈದದ್ದೂ ಹೌದು ಎಂದು ಕೇಳುವ ಮೊದಲೇ ಒದರಿದ್ದ. ಆಮೇಲೆ ಅವನ ಮುಂದೆ ಈ ಕವರು ಇಟ್ಟಳು. ಅವನು ಕಿಸೆಯನ್ನು ಒಮ್ಮೆ ನೋಡಿದ. ತಲೆಯೆತ್ತಿ ಅವಳ ಸಮವಸ್ತ್ರದ ಎಡ ಕಿಸೆಯನ್ನು ಒಮ್ಮೆ ನೋಡಿದ. ಅಷ್ಟೇ. ಅಲ್ಲಿಂದ ಇಲ್ಲಿಯವರೆಗೆ ತುಟಿ ಬಿಚ್ಚಿಲ್ಲ.

ಎಲ್ಲಿ ನೋಡಬೇಕೆಂಬ ತಿಳಿವಳಿಕೆ ಇಲ್ಲದವನು ಎಂದು ಅವಳು ಆಗ ಲೆಕ್ಕ ಹಾಕಿದ್ದಳು. ಅದಕ್ಕಿಂತ ದೊಡ್ಡ ತಪ್ಪು ಲೆಕ್ಕವನ್ನು ಅವಳು ತನ್ನ ಆರು ವರ್ಷದ ನೌಕರಿಯಲ್ಲಿ ಹಾಕಿರಲಿಲ್ಲ. ಆದರೆ ಅದು ಅವಳಿಗೆ ತಿಳಿಯಲು ಇನ್ನೂ ಒಂದು ತಾಸು ಬಾಕಿಯಿತ್ತು.

"ಕುಂದ್ರಿ ಮೇಡಂ," ಎಂದರು ದೇವೀಂದ್ರಪ್ಪ. "ಯಾವೂರ್ರಿ ನಿಮ್ದು?"

"ಚಂದಾಪುರ."

"ಚಿಂಚೋಳಿ ಚಂದಾಪುರ." ಅವರ ಕಣ್ಣು ಅವಳ ಎಡ ಕಿಸೆಯ ಮೇಲೆ ಒಂದು ಗಳಿಗೆ ನಿಂತು ಮುಂದೆ ಹೋಯಿತು. "ತಂದಿಯವ್ರು ಏನ್ ಮಾಡ್ತಿದ್ರು?"

"ಪ್ರಶ್ನೆ ಕೇಳಾಕ ಬಂದಾಕಿ ನಾನು, ದೇವೀಂದ್ರಪ್ಪನವ್ರೇ."

"ಹೌದ್ರಿ, ಹೌದ್ರಿ. ರೂಢಿ. ಗಿರಾಕಿ ಬಂದ್ರ ಮೊದ್ಲು ಊರು ಕೇಳ್ತೀವಿ, ಆಮ್ಯಾಲ ಅಳತಿ."

ಅವರು ಕನ್ನಡಕ ಏರಿಸಿ ಕವರಿನ ಮೇಲೆ ಬಾಗಿದರು. ಭಾಗ್ಯಶ್ರೀ ಕಾಯುತ್ತ ಅಂಗಡಿಯನ್ನು ನೋಡಿದಳು.

ನೋಡುವಂಥದ್ದೇ. ಹೊರಗಿನ ಫಲಕದ ಮೇಲೆ 'ಸಾಯಬಣ್ಣ ಟೇಲರ್ಸ್, ಸ್ಥಾಪನೆ:' ಎಂದು ಬರೆದು ಮುಂದೆ ಜಾಗ ಖಾಲಿ ಬಿಡಲಾಗಿತ್ತು. ಇಸವಿ ಕೇಳಿ ಬಂದು ಬರೆಯುತ್ತೇನೆ ಎಂದು ಹೋದ ಪೇಂಟರು ಇನ್ನೂ ಬಂದಿಲ್ಲ, ಇಸವಿಯೂ ಸಿಕ್ಕಿಲ್ಲ. ನಿಜಾಮನ ನಾಣ್ಯ ನಡೆಯುತ್ತಿದ್ದ ಕಾಲವೆಂಬುದು ಮಾತ್ರ ಖಚಿತ. ಒಳಗೆ ಮೂರು ಮಿಷನ್ನುಗಳು, ಮೂರು ತಲೆಮಾರಿನವು, ಮೂರೂ ಓಡುತ್ತವೆ.

ಆದರೆ ಕಣ್ಣು ನಿಲ್ಲುವುದು ಮೇಲೆ. ಜಂತೆಯಿಂದ ಜಂತೆಗೆ ಕಟ್ಟಿದ ಬಿದಿರಿನಿಂದ ನೂರಾರು ದಾರಗಳು ಇಳಿಬಿದ್ದಿದ್ದವು. ಒಂದೊಂದರ ತುದಿಗೂ ಒಂದು ಬಟ್ಟೆ ಚೂರು, ಒಂದೊಂದರ ಮೈಯಲ್ಲೂ ಗಂಟುಗಳು. ಫ್ಯಾನು ತಿರುಗಿದಾಗ ಅವೆಲ್ಲ ಒಟ್ಟಿಗೆ ಅಲುಗಿ, ಊರಿನ ಮಂದಿಯೆಲ್ಲ ತಲೆಯ ಮೇಲೆ ಮೆಲ್ಲಗೆ ಮೈ ತಿರುವಿದಂತೆ ಕಾಣುತ್ತಿತ್ತು.

"ಅಳತಿ ದಾರ," ಎಂದರು ಮಾಣಿಕಮ್ಮ, ದೇವೀಂದ್ರಪ್ಪನವರ ಹೆಂಡತಿ. ಮೂಲೆಯಲ್ಲಿ ಕೂತು ಕುಪ್ಪಸಕ್ಕೆ ಕೈಹೊಲಿಗೆ ಹಾಕುತ್ತಿದ್ದವರು ತಲೆಯೆತ್ತದೆ ಹೇಳಿದರು. "ನಮ್ಮ ಮಾವ ಸಾಯಬಣ್ಣ ಕಾಗಿಣಾ ಹೊಳಿ ದಂಡಿ ಮ್ಯಾಲ ಮೀನಿನ ಬಲಿ ಹೆಣೀತಿದ್ದವ್ರು. ಓದು ಬರಲಿಲ್ಲ. ಟೇಪು ಕೊಟ್ರ ಅದರ ಮ್ಯಾಲಿನ ಅಂಕಿ ಓದೋರ್ಯಾರು? ಅದಕ್ಕ ದಾರ. ತುದಿಯಿಂದ ಮೊದಲ್ನೇ ಗಂಟಿಗಿ ಕೊರಳು, ಎರಡನೇದಕ್ಕ ತೋಳು, ಆಮ್ಯಾಲ ಸೊಂಟ, ಆಮ್ಯಾಲ ಎದಿ."

"ಈಗ ಓದು ಬರ್ತದಲ್ಲ? ಇನ್ನೂ ಯಾಕ ದಾರ?"

"ಪುಸ್ತಕದಾಗ ಮೂರು ಬರದದ್ದು ಎಂಟು ಕಾಣ್ತದ, ಎಂಟು ಬರದದ್ದು ಮೂರು. ಗಂಟು ಗಂಟೇ ಕಾಣ್ತದ. ಸತ್ತವ್ರ ದಾರ ತಗಿಯಂಗಿಲ್ಲ ನಾವು. ಅಪ್ಪನ ದಾರದ ಪಕ್ಕ ಮಗಂದು ಕಟ್ತೀವಿ. ಮಗ ಅಪ್ಪನ ಹೆಗಲು ತಂದಾನೋ, ಅವ್ವನ ಹೆಗಲು ತಂದಾನೋ ಅಲ್ಲೇ ಗೊತ್ತಾಗ್ತದ."

ಭಾಗ್ಯಶ್ರೀ ಅಪರಾಧಿಗಳ ಬೆರಳಚ್ಚಿನ ಕೋಣೆಯನ್ನು ನೋಡಿದವಳು. ಇಷ್ಟು ಅಚ್ಚುಕಟ್ಟು ಅಲ್ಲಿ ಕಂಡಿರಲಿಲ್ಲ.

"ಮೇಡಂ," ಎಂದರು ದೇವೀಂದ್ರಪ್ಪ. ನೆಟ್ಟಗೆ ಕೂತರು. "ಈ ಅಂಗಿ ನಮ್ಮದಲ್ಲ."

ಶ್ರುತಿ ಉಸಿರು ಬಿಟ್ಟ ಸದ್ದು ಎಲ್ಲರಿಗೂ ಕೇಳಿಸಿತು.

"ರೆಡಿಮೇಡ್ ಅಂಗಿ. ಕಂಪನಿ ಹೊಲಿಗಿ, ನೈಲಾನ್ ದಾರ. ಒಂದಿಂಚಿನ್ಯಾಗ ಸೂಜಿ ಎಷ್ಟು ಟಾಕಿ ಹಾಕ್ಯದ ನೋಡ್ರಿ, ನಮ್ಮ ಯಾವ ಮಿಷನ್ನೂ ಇಷ್ಟು ಸಣ್ಣ ಟಾಕಿ ಹಾಕಂಗಿಲ್ಲ."

"ಕೇಳಿದ್ರಿಲ್ಲ?" ಶ್ರುತಿ ಮುಂದೆ ಬಂದಳು. "ಅಂಗಿ ನಮ್ಮದಲ್ಲ. ಬರ್ಕೋರಿ. ನನ್ನ ಗಂಡನ್ನ ಬಿಡ್ರಿ."

"ಆದ್ರ," ಎಂದರು ದೇವೀಂದ್ರಪ್ಪ.

"ಮಾವಾ, ಅಷ್ಟಕ್ಕೇ ನಿಲ್ಸ್ರಿ."

"ಆದ್ರ ಈ ಮೂಲಿ ಬಿಚ್ಚಿತ್ತು. ಯಾರೋ ಮನ್ಯಾಗ ಸೂಜಿ ಹಿಡದು ಕೈಲೇ ಹೊಲದಾರ. ಹೊಲದು ಕಡೀಕ ಗಂಟು ಹಾಕ್ಯಾರ." ಅವರ ಬೆರಳು ಕವರಿನ ಮೇಲೆ ನಿಂತಿತು. "ಗಂಟು ನಮ್ಮದು."

ಫ್ಯಾನು ತಿರುಗಿತು. ದಾರಗಳು ಅಲುಗಿದವು.

ಮಗ ಲಾಕಪ್ಪಿನಲ್ಲಿದ್ದಾನೆ, 'ಅಂಗಿ ನಮ್ಮದಲ್ಲ' ಎಂಬ ಎರಡು ಮಾತು ಅವನನ್ನು ಮನೆಗೆ ಕರೆತರುತ್ತದೆ, ಅದು ಸುಳ್ಳೂ ಅಲ್ಲ. ಅಲ್ಲಿಗೆ ನಿಲ್ಲಿಸಿದ್ದರೆ ಯಾವ ದೇವರೂ ತಪ್ಪೆನ್ನುತ್ತಿರಲಿಲ್ಲ. ಭಾಗ್ಯಶ್ರೀ ಎಷ್ಟೋ ದೊಡ್ಡ ಮನುಷ್ಯರ ಹೇಳಿಕೆ ಬರೆದುಕೊಂಡವಳು. ಎಲ್ಲರೂ ಅಲ್ಲಿಗೇ ನಿಲ್ಲಿಸಿದವರು. ತನ್ನ ಹೊಲಿಗೆಯ ಬಗ್ಗೆ ಅರ್ಧ ನಿಜ ಹೇಳಲು ಬಾರದ ಮನುಷ್ಯನನ್ನು ಅವಳು ನೋಡುತ್ತಿದ್ದದ್ದು ಇದೇ ಮೊದಲು.

"ನಿಮಗೇನು ಹುಚ್ಚು ಹಿಡದದ ಏನ್ರಿ?" ಶ್ರುತಿಯ ಕಣ್ಣು ತುಂಬಿತ್ತು. "ಮಗನಕಿಂತ ಗಂಟು ದೊಡ್ಡದಾತು?"

"ಗಂಟಿನ್ಯಾಗ ಸುಳ್ಳು ಹೇಳಿದ್ರ ಅಂಗಿದಾಗೂ ಹೇಳ್ತೀನಿ ಅಂತಾರವ್ವ. ಆಗ ಇವ್ರು ಎರಡೂ ನಂಬಂಗಿಲ್ಲ. ತಡಿ." ಅವರು ಭಾಗ್ಯಶ್ರೀಯ ಕಡೆ ತಿರುಗಿದರು. "ಹವಾಲ್ದಾರ್ರಿಗಿ ಸ್ವಲ್ಪ ಚಹಾಕ್ಕ ಕಳಸ್ತೀರೇನ್ರಿ? ಇದು ಮನಿ ಕಸುಬಿನ ಮಾತು."

ಸಂತೋಷಕುಮಾರ ಮುಖ ಸಣ್ಣದು ಮಾಡಿಕೊಂಡು ಎದುರಿನ ಹೋಟೆಲಿಗೆ ಹೊರಟರು.

"ಇದು ಮೀನಿನ ಬಲಿ ಗಂಟು ಮೇಡಂ. ನೀರಿನ್ಯಾಗ ನೆನದಷ್ಟೂ ಬಿಗೀತದ. ಒಗದ ಅಂಗಿ ಗುಂಡಿ ಉದುರಂಗಿಲ್ಲ ಅಂತ ಮಂದಿ ಬರೋದು ಅದಕ್ಕೇ. ದಾರ ಬಲಕ್ಕ ಎರಡು ಸುತ್ತು ಬಂದು ಒಳಗ ಹೋಗ್ತದ. ನಮ್ಮಪ್ಪಂದು ಹಂಗ, ನಂದು ಹಂಗ, ಇಕಿದು ಹಂಗ, ದತ್ತೂಂದೂ ಹಂಗ. ಈಗ ಇದನ್ನ ನೋಡ್ರಿ."

ಅವರು ಭೂತಗನ್ನಡಿ ಕೊಟ್ಟರು. ಭಾಗ್ಯಶ್ರೀ ನೋಡಿದಳು. ಸಾಸಿವೆಯಷ್ಟು ದೊಡ್ಡ ಗಂಟು.

"ಎಡಕ್ಕ ಸುತ್ತ್ಯಾರ," ಎಂದಳು.

"ಎಡಕ್ಕ."

"ಹಂಗಾದ್ರ ಎಡಗೈಯವ್ರು ಯಾರೋ."

"ಪೊಲೀಸ್ನವ್ರು ಹಂಗೇ ಅಂತೀರಿ ಅಂತ ಗೊತ್ತಿತ್ತು." ಅದರಲ್ಲಿ ವ್ಯಂಗ್ಯವಿರಲಿಲ್ಲ, ಸಮಾಧಾನವಿತ್ತು. "ಎಡಗೈಯವ್ರು ಹೊಲದಿದ್ರ ಹೊಲಿಗಿನೂ ಎಡಕ್ಕ ವಾಲ್ತಿತ್ತು. ಇದರ ಟಾಕಿ ನೋಡ್ರಿ, ಬಲಗೈದು. ಗಂಟು ಅಷ್ಟೇ ತಿರುವಿ ಬಂದದ."

"ಅದು ಹೆಂಗ?"

ಉತ್ತರ ಹೇಳಿದ್ದು ಮಾಣಿಕಮ್ಮ. ಕುಪ್ಪಸ ಕೆಳಗಿಟ್ಟರು.

"ನಮ್ಮ ಮನ್ಯಾಗ ಗಂಟು ಕಲಸೋದು ಬೆನ್ನ ಹಿಂದ ನಿಲ್ಲಿಸಿ. ನಾ ಮದಿವ್ಯಾಗಿ ಬಂದಾಗ ಅತ್ತಿ ನನ್ನ ತನ್ನ ಹಿಂದ ನಿಲ್ಲಿಸ್ಕೊಂಡ್ಳು. 'ನನ್ನ ಹೆಗಲ ಮ್ಯಾಲ ಗದ್ದ ಇಡು, ನನ್ನ ಕೈ ನಿನ್ನ ಕೈ ಅನ್ನು' ಅಂದ್ಳು. ಮೂರು ತಿಂಗಳು ಹಂಗೇ ನಿಂತೀನಿ. ನಾನು ಇಕಿನ್ನ ಹಂಗೇ ನಿಲ್ಲಿಸೀನಿ." ಶ್ರುತಿಯ ಕಡೆ ಕೈ ಮಾಡಿದರು. "ಎದುರಿಗಿ ಕುಂತು ನೋಡಿದ್ರ ಕೈ ತಿರುಗಮುರುಗ ಕಾಣ್ತದ. ಕನ್ನಡಿ ನೋಡಿ ಬೈತಲಿ ತಗದಂಗ."

ಭಾಗ್ಯಶ್ರೀ ಮತ್ತೆ ಕವರಿನ ಮೇಲೆ ಬಾಗಿದಳು. ಒಂದು ಗಂಟು ಬಾಯಿ ಬಿಡುವುದೆಂದರೆ ಹೀಗೆ.

"ಅಂದ್ರ ಈ ಗಂಟು ಹಾಕಿದವ್ರಿಗೆ ಯಾರೂ ಕಲಸಿಲ್ಲ."

"ಕಲಸಿಲ್ಲ."

"ಎದುರಿಗಿ ಕುಂತು ನೋಡಿ ಕಲ್ತಾರ. ಒಂದಿನ ಎರಡು ದಿನ ಅಲ್ಲ."

"ವರ್ಷಗಟ್ಟಲೆ," ಎಂದರು ದೇವೀಂದ್ರಪ್ಪ. "ಒಂದು ಸಲ ನೋಡಿದ್ರ ಬರೋ ಗಂಟಲ್ಲ ಇದು."

"ದತ್ತು ಅಲ್ಲ ಹಂಗಾದ್ರ," ಎಂದಳು ಶ್ರುತಿ ಮೆಲ್ಲಗೆ. ಅವಳಿಗೆ ಈಗ ಅರ್ಥವಾಗಿತ್ತು. ಮಾವ ಗಂಟನ್ನು ಒಪ್ಪಿಕೊಂಡದ್ದು ಮಗನನ್ನು ಕೈಬಿಡಲಿಕ್ಕಲ್ಲ, ಯಾವ ವಕೀಲನೂ ಅಲ್ಲಾಡಿಸಲಾರದಂತೆ ಬಿಡಿಸಲಿಕ್ಕೆ. ಅವಳು ಕತ್ತರಿಯನ್ನು ಮೇಜಿನ ಮೇಲಿಟ್ಟು ಸೆರಗಿನಿಂದ ಮುಖ ಒರೆಸಿಕೊಂಡಳು. "ಇದನ್ನ ಮೊದ್ಲೇ ಹೇಳಿದ್ರ ನನ್ನ ಜೀವ ಉಳೀತಿತ್ತಲ್ಲ ಮಾವಾ."

"ಎದುರಿಗಿ ಯಾರು ಕುಂದ್ರತಿದ್ರು?" ಎಂದಳು ಭಾಗ್ಯಶ್ರೀ.

ಗಂಡ ಹೆಂಡತಿ ಇಬ್ಬರೂ ಒಂದೇ ಕಡೆ ನೋಡಿದರು. ದೇವೀಂದ್ರಪ್ಪನವರ ಮಿಷನ್ನಿನ ಎದುರು, ಗೋಡೆಗೆ ತಾಗಿ, ಒಂದು ಶಹಾಬಾದಿ ಪರಸಿ ಕಲ್ಲಿನ ಬೆಂಚು. ಕೂತವರ ಮೈಯುಜ್ಜಿ ಕಲ್ಲು ಕನ್ನಡಿಯಾಗಿತ್ತು.

"ನಮ್ಮಪ್ಪಗ ಓದಾಕ ಬರಲಿಲ್ಲ, ಆದ್ರ ಪೇಪರಿನ ಹುಚ್ಚು," ಎಂದರು ದೇವೀಂದ್ರಪ್ಪ. "ಸಂಜಿ ಐದಕ್ಕ ಯಾರಾದ್ರೂ ಆ ಬೆಂಚಿನ ಮ್ಯಾಲ ಕುಂತು ಜೋರಾಗಿ ಓದಬೇಕು, ಅಪ್ಪ ಹೊಲ್ಕೊಂತ ಕೇಳಬೇಕು. ಓದಿದವ್ರ ಅಂಗಿಗಿ ಗುಂಡಿ, ಕಾಜಾ ಜೀವನಪೂರ್ತಿ ಪುಕ್ಕಟ. ಮೊದ್ಲು ಒಬ್ಬ ಕಂಪೌಂಡರ್ ಓದ್ತಿದ್ದ. ಅಂವ ವರ್ಗ ಆದ. ಆಮ್ಯಾಲ ಸಾಲಿ ಮಾಸ್ತರು ಬಂದ್ರು. ಹನ್ನೆರಡು ವರ್ಷ ಓದಿದ್ರು. ಅವ್ರು ಮಳಿ ಸುದ್ದಿ ಓದಿದ್ರ ಮೈ ತಂಪಾಗ್ತಿತ್ತು ಮೇಡಂ. ಪೂರಾ ಊರು ಹೊರಗ ನಿಂತು ಕೇಳೋದು."

"ಓದಾವ್ರು ಒಬ್ರೇ?"

"ಕೇಳಾಕ ಸಲಾಂ ಭಾಯಿ. ಆಗ ಇನ್ನೂ ಸೈಕಲ್ ಮ್ಯಾಲ ಬಟ್ಟಿ ಥಾನು ಹೇರ್ಕೊಂಡು ಬರ್ತಿದ್ರು. ಮಾಸ್ತರಿಗೂ ಅವರಿಗೂ ಒಂದೇ ಜೀವ. ಒಂದಿನ ಏನಾತೋ, ಮಾಸ್ತರು ಬರೋದು ಬಿಟ್ರು. ಎಂಟು ದಿನದಾಗ ವರ್ಗ ತಗೊಂಡು ಚಿಂಚೋಳಿ ಕಡಿ ಹೋದ್ರು. ಅವತ್ತಿನಿಂದ ಇವತ್ತಿನ ತನಕ ಸಲಾಂ ಭಾಯಿ ಆ ಬೆಂಚಿನ ಮ್ಯಾಲ ಕುಂತಿಲ್ಲ. ಥಾನು ಕೊಡ್ತಾರ, ನಿಂತೇ ಚಹಾ ಕುಡೀತಾರ, ಹೋಗ್ತಾರ. ಮೂವತ್ತು ವರ್ಷದ ಮ್ಯಾಲಾಯ್ತು."

ಚಿಂಚೋಳಿ ಕಡೆ ಎಂದಾಗ ಭಾಗ್ಯಶ್ರೀ ಒಮ್ಮೆ ತಲೆಯೆತ್ತಿದಳು. ಆ ಕಡೆ ನೂರಾರು ಮಾಸ್ತರರಿದ್ದಾರೆ ಎಂದು ತನಗೇ ಹೇಳಿಕೊಂಡಳು.

"ಹೆಸರು?"

ದೇವೀಂದ್ರಪ್ಪ ಹೆಂಡತಿಯ ಕಡೆ ನೋಡಿದರು. ಮಾಣಿಕಮ್ಮ ಎದ್ದು, ಕೋಲಿನಿಂದ ಬಿದಿರಿನ ಮೂರನೇ ಸಾಲನ್ನು ತಡಕಾಡಿ ಒಂದು ದಾರ ಇಳಿಸಿದರು. ತುದಿಗೆ ಬಿಳಿ ಖಾದಿಯ ಚೂರು, ಹಳದಿಯಾಗಿತ್ತು.

"ಎಲ್ಲಾರ ದಾರಕ್ಕೂ ತೋಳಿನ ಗಂಟು ಒಂದು," ಎಂದರು ಅವರು. "ಇವ್ರಿಗಿ ಎರಡು. ಸಣ್ಣವ್ರಿದ್ದಾಗ ಬೇವಿನ ಗಿಡದಿಂದ ಬಿದ್ದು ಎಡಗೈ ಮುರದಿತ್ತಂತ. ಆ ಕೈ ಎರಡು ಬೆರಳಷ್ಟು ಗಿಡ್ಡ."

ದಾರ ಮೇಜಿನ ಮೇಲೆ ಮಲಗಿತ್ತು. ಎರಡು ಗಂಟುಗಳ ನಡುವೆ ಎರಡೇ ಎರಡು ಬೆರಳಿನ ಜಾಗ.

ಭಾಗ್ಯಶ್ರೀಗೆ ಅಳೆಯುವ ಅಗತ್ಯ ಬೀಳಲಿಲ್ಲ. ರೆಡಿಮೇಡ್ ಅಂಗಿ ತಂದುಕೊಟ್ಟಾಗಲೆಲ್ಲ ಎಡ ತೋಳನ್ನು ಒಂದು ಮಡಿಕೆ ಹೆಚ್ಚು ಮಡಚುತ್ತಿದ್ದ ಕೈ ಅವಳಿಗೆ ಗೊತ್ತಿತ್ತು. ಆ ಮಡಿಕೆಯನ್ನು ಅವಳು ಮೂವತ್ತೊಂದು ವರ್ಷದಿಂದ ನೋಡುತ್ತ ಬಂದಿದ್ದಳು. ಸೇಡಂ ಕಡೆ ಸ್ವಲ್ಪ ದಿನ ಇದ್ದೆನವ್ವ ಎಂದಷ್ಟೇ ಹೇಳಿ ಮಾತು ಬದಲಿಸುತ್ತಿದ್ದ ದನಿಯೂ ಗೊತ್ತಿತ್ತು.

"ಹೆಸರು ಹೇಳು ಅಂದ್ರ ಹೇಳ್ತೀನ್ರಿ," ಎಂದರು ದೇವೀಂದ್ರಪ್ಪ ಬಹಳ ಮೆತ್ತಗೆ. "ಅದಕ್ಕಿಂತ ಮೊದ್ಲು ನಿಮ್ಮ ಎಡಗಡಿ ಕಿಸಿ ಗುಂಡಿ ಯಾರು ಹಚ್ಚಿದ್ರು ನೆನಸ್ಕೋರಿ."

ನಿನ್ನೆ ಬೆಳಿಗ್ಗೆ. ಅವಳು ನಿಂತೇ ಚಹಾ ಕುಡಿಯುತ್ತಿದ್ದಳು. ಕಿಸೆಯ ಗುಂಡಿ ಜೋತಾಡುತ್ತಿತ್ತು. ಅಪ್ಪಾಜಿ ಸೂಜಿಗೆ ಕಂದು ದಾರ ಪೋಣಿಸಿ, "ಅಲುಗಬ್ಯಾಡ ಇನಸ್ಪೆಕ್ಟರವ್ವ, ಚುಚ್ಚೀತು," ಎಂದು ಎರಡು ನಿಮಿಷದಲ್ಲಿ ಹಚ್ಚಿ, ಹಲ್ಲಿನಿಂದ ದಾರ ಕಡಿದಿದ್ದರು.

ಅವಳು ಗದ್ದ ತಗ್ಗಿಸಿ ನೋಡಿದಳು. ಗುಂಡಿಯ ಬುಡದಲ್ಲಿ ಸಾಸಿವೆಯಷ್ಟು ಗಂಟು. ಎಡಕ್ಕೆ ಸುತ್ತಿತ್ತು.

ದತ್ತು ನೋಡಿದ್ದು ಇದನ್ನು. ಕವರಿನೊಳಗಿನ ಗಂಟನ್ನು ಓದಿ, ತಲೆಯೆತ್ತಿ, ಎದುರು ಕೂತ ಪೊಲೀಸ್ ಅಧಿಕಾರಿಯ ಎದೆಯ ಮೇಲೆ ಅದೇ ಗಂಟನ್ನು ಓದಿದ್ದ. ಆಮೇಲೆ ಮಾತಾಡಲು ಯಾರಿಗೆ ಧೈರ್ಯ ಬರುತ್ತದೆ? ಯಾರ ಮುಂದೆ ಹೇಳಬೇಕು, ಯಾರ ಬಗ್ಗೆ?

"ಬಂದ ಗಳಿಗ್ಯಾಗೇ ನೋಡಿದ್ರಿ ನೀವು."

"ನೋಡೀನ್ರಿ. ತಂದಿಯವ್ರು ಏನ್ ಮಾಡ್ತಿದ್ರು ಅಂತ ಅದಕ್ಕೇ ಕೇಳ್ದೆ. ನೀವು ಬೈದ್ರಿ."

ಭಾಗ್ಯಶ್ರೀ ಹೊರಗೆ ಬಂದಳು. ಜೀಪಿನ ನೆರಳಲ್ಲಿ ನಿಂತು ಫೋನು ಹಚ್ಚಿದಳು. ಮಧ್ಯಾಹ್ನದ ರಸ್ತೆಯಲ್ಲಿ ಸಿಮೆಂಟು ಲಾರಿಗಳು ಒಂದರ ಹಿಂದೆ ಒಂದು ಧೂಳು ಎತ್ತುತ್ತಿದ್ದವು. ಮೊಣಕಾಲು ನೋವು, ಇವತ್ತು ಓಣಿ ದಾಟಂಗಿಲ್ಲ ನಾನು ಎಂದು ಬೆಳಿಗ್ಗೆ ಎಂಟಕ್ಕೆ ಅಪ್ಪಾಜಿ ಹೇಳಿದ್ದರು.

"ಹೇಳವ್ವ."

"ಅಪ್ಪಾಜಿ, ಗುಂಡಿ ಹಚ್ಚೋದು ಎಲ್ಲಿ ಕಲ್ತ್ರಿ ನೀವು?"

ಆ ಕಡೆ ಸಿದ್ಧಲಿಂಗ ಮಾಸ್ತರರು ನಕ್ಕರು. ನಗೆಯಲ್ಲಿ ಒಂದು ನಮೂನೆಯ ಹೆಮ್ಮೆಯಿತ್ತು.

"ದೇವೀಂದ್ರನ ಕಣ್ಣು ಇನ್ನೂ ಛಲೋ ಅವ ಅನ್ನು."

ಅವರ ದನಿಯ ಹಿಂದೆ ಇನ್ನೊಂದು ಹೆಣ್ಣು ದನಿ ಮೂರು ಭಾಷೆಯಲ್ಲಿ ಒಂದೇ ಮಾತು ಹೇಳುತ್ತಿತ್ತು. ಗಾಡಿ ಎರಡನೇ ಪ್ಲಾಟ್‌ಫಾರ್ಮಿಗೆ ಬರಲಿದೆ. ವಾಡಿ ಜಂಕ್ಷನ್.

"ಅಪ್ಪಾಜಿ, ವಾಡಿಯಾಗ ಏನ್ ಮಾಡಾಕತ್ತೀರಿ?"

"ಸಣ್ಣ ದನಿಲೆ ಮಾತಾಡು. ಕಿಸಿ ನಂದೇ. ಸಲಾಂ ಬೀಳೋವಾಗ ಹಿಡಕೊಂಡ. ಆದ್ರ ಅವನ್ನ ಹೊಡದಾಂವ ನಾನಲ್ಲ. ಹೊಡದಾಂವ ನನ್ನ ಮುಂದ ಹತ್ತು ಹೆಜ್ಜಿ ದೂರ ನಿಂತು ಚಹಾ ಕುಡ್ಯಾಕತ್ತ್ಯಾನ. ಅಂವ ಗಾಡಿ ಹತ್ತಿದ್ರ ನಾನೂ ಹತ್ತೀನಿ."

ಓಡಿಹೋಗುವವರೆಲ್ಲ ಹೀಗೇ ಹೇಳುತ್ತಾರೆ. ಹೊಡೆದವನು ಬೇರೆ, ನಾನು ಅವನ ಬೆನ್ನು ಹತ್ತಿದ್ದೇನೆ. ಎಷ್ಟು ಜನ ಹೇಳಿದ್ದನ್ನು ಕೇಳಿ ಭಾಗ್ಯಶ್ರೀ ಫೈಲು ಮುಚ್ಚಿ ನಕ್ಕಿದ್ದಳು.

"ಯಾರು ಅಂವ?"

"ಆ ಬೆಂಚಿನ ಮ್ಯಾಲ ನಾವು ಮೂರು ಮಂದಿ ಕುಂದ್ರತಿದ್ವಿ, ಭಾಗ್ಯಾ. ದೇವೀಂದ್ರ ಇಬ್ಬರದೇ ಹೇಳಿರ್ಬೇಕು. ಮೂರನೇದು ಕೇಳು. ಮತ್ತ ಆ ಗುಂಡಿ ಕಿತ್ತಿ ಒಗಿಬ್ಯಾಡ..."

ಗಾಡಿಯ ಸದ್ದು ಬಂದು ಮಾತನ್ನು ನುಂಗಿತು. ಫೋನು ಕಟ್ಟಾಯಿತು. ಮತ್ತೆ ಹಚ್ಚಿದರೆ ಸ್ವಿಚ್ ಆಫ್.

ಅವಳು ಗುಂಡಿಯ ಮೇಲೆ ಕೈ ಇಟ್ಟುಕೊಂಡು ಎಷ್ಟು ಹೊತ್ತು ನಿಂತಿದ್ದಳೋ. ಒಂದು ಗುಂಡಿ. ಚರಂಡಿಗೆ ಎಸೆದರೆ ಯಾರಿಗೂ ತಿಳಿಯದು. ದತ್ತು ಬಾಯಿ ಬಿಟ್ಟಿಲ್ಲ, ಬಿಟ್ಟರೂ ನಂಬುವವರಿಲ್ಲ. ಅಪ್ಪಾಜಿ ಅಪ್ಪಾಜಿಯಾಗಿಯೇ ಉಳಿಯುತ್ತಾರೆ. ಒಳಗೆ ಒಬ್ಬ ಮನುಷ್ಯ ಮಗನನ್ನು ಪಣಕ್ಕಿಟ್ಟು 'ಗಂಟು ನಮ್ಮದು' ಎಂದಿದ್ದನ್ನು ಅವಳು ಕೇಳಿರದಿದ್ದರೆ ಏನಾಗುತ್ತಿತ್ತೋ ಹೇಳಲು ಬರುವುದಿಲ್ಲ.

"ಮೇಡಂ," ಸಂತೋಷಕುಮಾರ ಚಹಾ ಮುಗಿಸಿ ಬಾಯಿ ಒರೆಸಿಕೊಳ್ಳುತ್ತ ಬಂದರು. "ಎರಡೂವರಿ ಆಯ್ತು. ದತ್ತೂನ್ನ ಕೋರ್ಟಿಗಿ ಒಯ್ಯಾಕ ಗಾಡಿ ತಿರುಗಿಸ್ಲೇನ್ರಿ?"

"ಒಳಗ ಬರ್ರಿ. ಪೆನ್ನು ತಗೀರಿ."

ಅವಳು ಮೇಜಿನ ಮುಂದೆ ನಿಂತಳು. "ಶ್ರುತಿ, ನಿಮ್ಮ ಕತ್ತರಿ ಕೊಡ್ರಿ."

ಶ್ರುತಿ ಮಾವನ ಮುಖ ನೋಡಿದಳು. ಆ ಅಂಗಡಿಯ ಕತ್ತರಿ ಹೊರಗಿನವರ ಕೈಗೆ ಹೋದದ್ದಿಲ್ಲ. ದೇವೀಂದ್ರಪ್ಪ ತಲೆಯಾಡಿಸಿದರು.

ಭಾಗ್ಯಶ್ರೀ ಗುಂಡಿಯನ್ನು ಬಟ್ಟೆಯ ಸಮೇತ, ಗಂಟು ಕೆಡದಂತೆ, ಸುತ್ತಲೂ ಕತ್ತರಿಸಿ ತೆಗೆದಳು. ಹೊಸ ಕವರಿಗೆ ಹಾಕಿ ಕಿಸೆಯ ಪಕ್ಕದಲ್ಲಿಟ್ಟಳು. ಎರಡು ಗಂಟುಗಳು ಅಕ್ಕತಂಗಿಯರಂತೆ ಕೂತವು.

"ಪಂಚನಾಮಿ ಬರೀರಿ ಹವಾಲ್ದಾರ್ರೇ. ಈ ಗುಂಡಿ ಇದ್ದ ಅಂಗಿ ನಂದು. ಎರಡೂ ಗಂಟು ನಮ್ಮ ಅಪ್ಪಾಜೀದು. ದತ್ತುಂದು ಅಲ್ಲ. ಕೋರ್ಟಿನ್ಯಾಗ ನಾನೇ ಹೇಳ್ತೀನಿ."

ಸಂತೋಷಕುಮಾರ ಬಾಗಿಲ ಬಳಿ ಕೂತು ಬರೆಯತೊಡಗಿದರು. ಮಾಣಿಕಮ್ಮ ಅವಳ ಕಿಸೆಯ ಮೇಲೆ ಬಿದ್ದ ತೂತನ್ನು ನೋಡಿದರು. "ಹೋಗೂದ್ರಾಗ ಅಲ್ಲೊಂದು ತುಣುಕು ಹಚ್ಚಿ ಕೊಡ್ತೀನವ್ವ," ಎಂದರು. ಆ ಮನೆಯಲ್ಲಿ ಅವಳನ್ನು ಮೇಡಂ ಎನ್ನದೆ ಕರೆದದ್ದು ಅದೇ ಮೊದಲು.

"ದೇವೀಂದ್ರಪ್ಪನವ್ರೇ, ಬೆಂಚಿನ ಮ್ಯಾಲ ಮೂರು ಮಂದಿ ಕುಂದ್ರತಿದ್ರಂತ. ನೀವು ಇಬ್ಬರದೇ ಹೇಳಿದ್ರಿ."

"ನೀವು ಗಂಟಿನದು ಕೇಳಿದ್ರಿ. ಆ ಮನಷ್ಯಾ ಗಂಟು ಕಲೀಲಿಲ್ಲ. ಬರೇ ಕುಂದ್ರತಿದ್ದ."

"ಈಗ ಕೇಳಾಕತ್ತೀನಿ."

ದೇವೀಂದ್ರಪ್ಪ ಎದ್ದು ಹಿತ್ತಲಿಗೆ ಹೋದರು. ನೀರಿನ ಸದ್ದು ಕೇಳಿಸಿತು. ಕೈ ಒರೆಸಿಕೊಂಡು ಬಂದು, ಬಾಗಿಲ ಕಡೆ ಒಮ್ಮೆ ನೋಡಿ, ಬಿದಿರಿನ ಕೊನೆಯ ಸಾಲಿನಿಂದ ತಾವೇ ಒಂದು ದಾರ ಇಳಿಸಿದರು.

ತುದಿಯಲ್ಲಿ ಮಾಸಿದ ಖಾಕಿ ಚೂರು.

"ಹೆಸರು ನಾ ಹೇಳಂಗಿಲ್ಲ ಮೇಡಂ. ನೀವು ಇದೇ ಬಣ್ಣದ ಬಟ್ಟಿ ಹಾಕ್ಕೊಂಡು ಬಂದಿದ್ರಿ, ಅದಕ್ಕ ಹೇಳಲಿಲ್ಲ. ಅಳತಿ ನೀವೇ ನೋಡ್ಕೋರಿ."

ಅದು ಒಂದೇ ದಾರವಲ್ಲ. ಪಕ್ಕಕ್ಕೆ ಕಟ್ಟಿದ ಇನ್ನೊಂದೂ ಅದರ ಜೊತೆ ಇಳಿದು ಬಂದಿತ್ತು. ಅಪ್ಪನ ಪಕ್ಕ ಮಗನದು. ಹೊಸ ಖಾಕಿ. ಕೊರಳು, ತೋಳು, ಎದೆ. ಎದೆಯ ಗಂಟನ್ನು ಒಂದು ಗೇಣು ದಾಟಿ ಸೊಂಟದ ಗಂಟು. ಅದೂ ಸಾಲದೆ ಅದರ ಮುಂದೆ ಇನ್ನೊಂದು, ಅದರ ಮುಂದೆ ಮತ್ತೊಂದು.

ಎಂಟು ವರ್ಷದಿಂದ ಹೊಟ್ಟೆ ಎಷ್ಟು ಜಗ್ಗಿದರೂ ಗುಂಡಿ ಜಗ್ಗದ ಪ್ಯಾಂಟು. ಬೆಂಚಿನ ಮೂರನೆಯವನು, ಈಗ ವಾಡಿಯಲ್ಲಿ ಚಹಾ ಕುಡಿಯುತ್ತಿರುವವನು, ಆ ಪ್ಯಾಂಟಿನವನ ಅಪ್ಪ.

ಭಾಗ್ಯಶ್ರೀ ತಲೆಯೆತ್ತಲಿಲ್ಲ. ಅವಳ ಬೆನ್ನ ಹಿಂದೆ, ಪಂಚನಾಮೆಯ ಕಾಗದದ ಮೇಲೆ ಕರಕರ ಎನ್ನುತ್ತಿದ್ದ ಸಂತೋಷಕುಮಾರರ ಪೆನ್ನು ನಿಂತಿತ್ತು.